ಕರುಳಕುಡಿಯ ಕರುಳು ಕಟ್ಟಿದಾಗ

ಎಳೆಗೂಸಿನ ವಾಂತಿ ಹಸಿರಾಯಿತೆಂದರೆ ಗಡಿಯಾರ ಓಡತೊಡಗಿತು ಎಂದೇ ಲೆಕ್ಕ. ಸುಶ್ರುತನ ಕಾಲದಿಂದ ಬಾಸ್ಟನ್ನಿನ ಆಪರೇಷನ್ ಥಿಯೇಟರಿನವರೆಗೆ, ಮಕ್ಕಳ ಕರುಳಿನ ಗಂಟು ಬಿಡಿಸಲು ವೈದ್ಯರು ಕಲಿತದ್ದೇನು? ಆ ವಿದ್ಯೆ ಆಗುಂಬೆ, ಹುಲಿಕಲ್ ಘಾಟಿಗಳನ್ನೂ ಶರಾವತಿ ಹಿನ್ನೀರನ್ನೂ ದಾಟಿ ಮಲೆನಾಡಿನ ಮಗುವನ್ನು ಮುಟ್ಟುವುದು ಹೇಗೆ?

ಆಷಾಢದ ರಾತ್ರಿ. ಹಂಚಿನ ಮೇಲೆ ಮಳೆ ಬಿಡದೆ ಬಾರಿಸುತ್ತಿದೆ. ಕರೆಂಟು ಹೋಗಿ ಎರಡು ದಿನವಾಗಿದೆ. ಒಳಕೋಣೆಯಲ್ಲಿ ಮಲಗಿದ್ದ ಏಳು ತಿಂಗಳ ಕೂಸು ಇದ್ದಕ್ಕಿದ್ದಂತೆ ಚೀರುತ್ತದೆ. ಮೊಣಕಾಲು ಎರಡನ್ನೂ ಹೊಟ್ಟೆಗೆ ಸೆಳೆದುಕೊಂಡು, ಮುಖ ಬಿಳುಚಿಕೊಂಡು ಅಳುತ್ತದೆ. ಒಂದೆರಡು ನಿಮಿಷ ಕಳೆದರೆ ಸುಮ್ಮನಾಗಿ ಅಮ್ಮನ ಹೆಗಲಿಗೆ ಒರಗುತ್ತದೆ. ಕಾಲು ಗಂಟೆಗೆ ಮತ್ತದೇ ಚೀರಾಟ.

ಅಜ್ಜಿಗೆ ಗೊತ್ತಿದ್ದ ಮದ್ದೆಲ್ಲ ಆಯಿತು. ಬಜೆ ಸುಟ್ಟು ತೇದು ನೆಕ್ಕಿಸಿದರು. ಹೊಕ್ಕುಳ ಸುತ್ತ ಹರಳೆಣ್ಣೆ ಸವರಿದರು. ಉಪ್ಪು, ಮೆಣಸು ನಿವಾಳಿಸಿ ಒಲೆಗೆ ಹಾಕಿದರು. ಬೆಳಗಿನ ಜಾವ ಒದ್ದೆ ಬಟ್ಟೆ ಬದಲಿಸಲು ಹೋದ ತಾಯಿಗೆ ಕಂಡದ್ದು ಮುರುಗಲು ಹಣ್ಣಿನ ತಿರುಳಿನಂಥ ಕೆಂಪು ಲೋಳೆ.

ತಾಲ್ಲೂಕು ಆಸ್ಪತ್ರೆಯಲ್ಲಿ ಡಾಕ್ಟರು ಬಟ್ಟೆಯನ್ನು ನೋಡುತ್ತಲೇ ಕೇಳುತ್ತಾರೆ.

"ವಾಂತಿ ಮಾಡ್ತಾಮ್ಮ ಮಗು?"

"ಹೌದು ಡಾಕ್ಟ್ರೇ, ಮೂರ್ನಾಲ್ಕು ಸಲ."

"ಯಾವ ಬಣ್ಣ ಇತ್ತು?"

"ಮೊದ್ಲು ಕುಡಿದ ಹಾಲೇ ಬಂತು. ಆಮೇಲೆ ಹಸ್ರು."

ಇದು ಯಾವುದೋ ಒಂದೇ ಮನೆಯಲ್ಲಿ ನಡೆದದ್ದಲ್ಲ. ಕರುಳು ಕರುಳೊಳಗೇ ಹೊಕ್ಕಿಕೊಳ್ಳುವ ಇಂಟಸಸೆಪ್ಷನ್ ಎಂಬ ತೊಂದರೆ ಬಂದ ಮನೆಗಳಲ್ಲೆಲ್ಲ ರಾತ್ರಿ ಹೆಚ್ಚುಕಡಿಮೆ ಹೀಗೇ ಸಾಗುತ್ತದೆ. ಐದರಿಂದ ಒಂಬತ್ತು ತಿಂಗಳ ನಡುವಿನ, ಅದುವರೆಗೆ ಗುಂಡುಗುಂಡಾಗಿ ಆಡಿಕೊಂಡಿದ್ದ ಕೂಸುಗಳಿಗೇ ಇದು ಹೆಚ್ಚು. ಸಣ್ಣ ಕರುಳಿನ ತುದಿ ದೊಡ್ಡ ಕರುಳೊಳಗೆ ನುಗ್ಗುತ್ತದೆ, ತನ್ನ ರಕ್ತನಾಳಗಳನ್ನೂ ಜೊತೆಗೆ ಎಳೆದೊಯ್ಯುತ್ತದೆ. ಅಲ್ಲಿ ನಾಳಗಳು ಅದುಮಿಹೋಗಿ, ಕರುಳು ಬಾತು, ಕೊನೆಗೆ ಕೊಳೆಯುತ್ತದೆ.

ಡಾಕ್ಟರು ಬಣ್ಣ ಕೇಳಿದ್ದಕ್ಕೂ ಕಾರಣವಿದೆ. ಪಿತ್ತರಸ ಜಠರ ದಾಟಿದ ಮೇಲೆ ಕರುಳಿಗೆ ಬಂದು ಸೇರುತ್ತದೆ. ವಾಂತಿಯಲ್ಲಿ ಹಸಿರು ಕಂಡರೆ ದಾರಿ ಕಟ್ಟಿರುವುದು ಅದಕ್ಕೂ ಕೆಳಗೆ ಎಂದಾಯಿತು. ಎಳೆಗೂಸಿನ ಹಸಿರು ವಾಂತಿ, ಬೇರೆ ಕಾರಣ ಖಚಿತವಾಗುವ ತನಕ, ಸರ್ಜನ್‌ರ ಪಾಲಿನ ಕೇಸು. ಮಕ್ಕಳ ವೈದ್ಯಕೀಯ ಓದುವ ಪ್ರತಿಯೊಬ್ಬರೂ ಇದನ್ನು ಬಾಯಿಪಾಠ ಮಾಡಿರುತ್ತಾರೆ.

ಈ ಒಂದು ಸಾಲಿನ ತಿಳಿವಳಿಕೆ ಗಟ್ಟಿಯಾಗಲು ಶತಮಾನಗಳೇ ಬೇಕಾದವು. ಆ ದಾರಿಯಲ್ಲಿ ಸರ್ಜನ್‌ಗಳು ಕತ್ತರಿಸುವುದನ್ನು ಬೇಗ ಕಲಿತರು. ಎಲ್ಲಿ ಕತ್ತರಿಸಬೇಕು, ಯಾವಾಗ ಕತ್ತರಿಸಬಾರದು ಎಂಬುದನ್ನು ಕಲಿಯಲು ಬಹಳ ತಡವಾಯಿತು.

ಜೇನು, ತುಪ್ಪ, ಕಪ್ಪಿರುವೆ

ಕಟ್ಟಿಕೊಂಡ ಕರುಳಿಗೆ ಹೊಟ್ಟೆ ಕೊಯ್ಯಬಹುದು ಎಂಬ ಯೋಚನೆ ನಮ್ಮಲ್ಲಿ ಬಹಳ ಹಳೆಯದು. ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ 'ಬದ್ಧಗುದೋದರ'ಕ್ಕೆ ಹೇಳಿದ ವಿಧಾನ ಅಚ್ಚರಿ ಹುಟ್ಟಿಸುವಷ್ಟು ವಿವರವಾಗಿದೆ. ಹೊಕ್ಕುಳ ಕೆಳಗೆ, ಎಡಕ್ಕೆ, ನಡುಗೆರೆಯಿಂದ ನಾಲ್ಕು ಅಂಗುಲ ಬಿಟ್ಟು ಹೊಟ್ಟೆ ಸೀಳಬೇಕು. ನಾಲ್ಕು ಅಂಗುಲದಷ್ಟು ಕರುಳನ್ನು ಹೊರತೆಗೆದು ನೋಡಬೇಕು. ಅಡ್ಡವಾಗಿರುವ ಕಲ್ಲು, ಕೂದಲು, ಗಟ್ಟಿ ಮಲವನ್ನು ತೆಗೆದು, ಕರುಳಿಗೆ ಜೇನು, ತುಪ್ಪ ಸವರಿ, ಮೊದಲಿದ್ದ ಜಾಗದಲ್ಲೇ ಇಟ್ಟು, ಹೊರಗಿನ ಗಾಯ ಹೊಲಿಯಬೇಕು.

ಕರುಳು ತೂತಾಗಿದ್ದರೆ? ತೂತಿನ ಅಂಚು ಕೂಡಿಸಿ ಹಿಡಿದು ಕಪ್ಪಿರುವೆಗಳಿಂದ ಕಚ್ಚಿಸಬೇಕು. ಕಚ್ಚಿ ಹಿಡಿದ ಮೇಲೆ ಮೈ ತುಂಡರಿಸಿ ತಲೆಯನ್ನಷ್ಟೇ ಅಲ್ಲೇ ಬಿಡಬೇಕು. ಒಳಗೇ ಕರಗಿಹೋಗುವ ಹೊಲಿಗೆ ಬೇಕೆಂಬ ಆಲೋಚನೆ ಇದರಲ್ಲಿ ಸ್ಪಷ್ಟವಾಗಿದೆ.

ಆದರೆ ಈ ಪಾಠ ಎಳೆಗೂಸುಗಳಿಗಾಗಿ ಬರೆದದ್ದಲ್ಲ. ಮೂರು ಕಿಲೋ ತೂಕದ ಜೀವಕ್ಕೆ ಹೊಟ್ಟೆ ಕೊಯ್ಯುವ ಧೈರ್ಯ ಜಗತ್ತಿನ ಯಾವ ಮೂಲೆಯಲ್ಲೂ ಬಹುಕಾಲ ಯಾರಿಗೂ ಬರಲಿಲ್ಲ.

ಬ್ರೆಸ್ಟ್ ಬಂದರಿನ ಕೂಸು

ಧೈರ್ಯ ಬಂದದ್ದು ಫ್ರಾನ್ಸಿನಲ್ಲಿ, 1793ರ ಅಕ್ಟೋಬರಿನಲ್ಲಿ. ಅತ್ತ ಪ್ಯಾರಿಸ್ಸಿನಲ್ಲಿ ಕ್ರಾಂತಿಯ ಕೋಲಾಹಲ. ಇತ್ತ ಬ್ರೆಸ್ಟ್ ಎಂಬ ಬಂದರು ಊರಿನ ಸರ್ಜನ್ ಡ್ಯುರೆ ಅವರ ಮುಂದೆ ಮಲದ್ವಾರವೇ ಇಲ್ಲದೆ ಹುಟ್ಟಿದ ಮೂರು ದಿನದ ಗಂಡುಕೂಸು. ಹೊಟ್ಟೆ ಉಬ್ಬಿ, ಕೈಕಾಲು ತಣ್ಣಗಾಗತೊಡಗಿತ್ತು.

ಇಂಥ ಮಗುವಿನ ಹೊಟ್ಟೆಯ ಮೇಲೆ ಕರುಳನ್ನು ತೆರೆದು ಮಲಕ್ಕೆ ಬೇರೆ ದಾರಿ ಮಾಡಬಹುದು ಎಂದು ಲಿತ್ರೆ ಎಂಬ ಫ್ರೆಂಚ್ ವೈದ್ಯ 1710ರಲ್ಲೇ ಸೂಚಿಸಿದ್ದರು. ಅವರು ಅದನ್ನು ಹೇಳಿದ್ದು ಸತ್ತ ಕೂಸೊಂದರ ಶವಪರೀಕ್ಷೆ ಮಾಡಿದ ಮೇಲೆ. ಡ್ಯುರೆ ಮೊದಲು ಶಿಶುವೊಂದರ ಶವದ ಮೇಲೆ ಕೈ ಪಳಗಿಸಿಕೊಂಡರು. ಬಳಿಕ ಬದುಕಿದ್ದ ಕೂಸಿನ ಹೊಟ್ಟೆಯ ಎಡಭಾಗ ಸೀಳಿ, ದೊಡ್ಡ ಕರುಳನ್ನು ಚರ್ಮಕ್ಕೆ ತಂದು ತೆರೆದರು.

ಅರಿವಳಿಕೆಯ ಈಥರ್ ಬರಲು ಇನ್ನೂ ಅರ್ಧ ಶತಮಾನ ಬಾಕಿಯಿತ್ತು. ಕೀವು ತಡೆಯುವ ಕಾರ್ಬಾಲಿಕ್ ಆಮ್ಲವನ್ನು ಲಿಸ್ಟರ್ ಬಳಕೆಗೆ ತಂದದ್ದು 1860ರ ದಶಕದಲ್ಲಿ. ಇವೆರಡೂ ಇಲ್ಲದ ಕಾಲದಲ್ಲಿ ಕೊಯ್ಯಿಸಿಕೊಂಡ ಆ ಕೂಸು 45 ವರ್ಷ ಬದುಕಿತು.

ಹೊಟ್ಟೆಯ ಮೇಲೆ ಮಲದ ದಾರಿ ತೆರೆಯುವ ಈ ಕೊಲೊಸ್ಟಮಿ ಇಂದಿಗೂ ಎಷ್ಟೋ ಮಕ್ಕಳ ಮೊದಲ ರಕ್ಷೆ. ಮಲದ್ವಾರವನ್ನೇ ಹೊಸದಾಗಿ, ಸರಿಯಾದ ಸ್ನಾಯುಗಳ ನಡುವೆ ಕೂರಿಸುವ ವಿಧಾನ ಪಕ್ಕಾ ಆಗಲು ಮಾತ್ರ 1980ರ ದಶಕ ಬರಬೇಕಾಯಿತು. ಮೆಕ್ಸಿಕೋದ ಅಲ್ಬರ್ಟೋ ಪೆನ್ಯಾ ಮತ್ತು ಡಿ ವ್ರೀಸ್ ಆ ವಿಧಾನವನ್ನು 1982ರಲ್ಲಿ ಪ್ರಕಟಿಸಿದರು.

> ಇಣುಕುನೋಟ: ಯಾವಾಗ ಏನಾಯಿತು?
>
> 1793: ಮಲದ್ವಾರವಿಲ್ಲದ ಕೂಸಿಗೆ ಡ್ಯುರೆ ಅವರಿಂದ ಕೊಲೊಸ್ಟಮಿ
>
> 1871: ಲಂಡನ್ನಿನಲ್ಲಿ ಕರುಳು ಹೊಕ್ಕಿಕೊಂಡ ಮಗುವಿಗೆ ಹಚಿನ್‌ಸನ್ ಮಾಡಿದ ಶಸ್ತ್ರಚಿಕಿತ್ಸೆ ಯಶಸ್ವಿ
>
> 1886: ಹಿರ್ಶ್‌ಸ್ಪ್ರುಂಗ್ ಕಾಯಿಲೆಯ ವರದಿ, ಬರ್ಲಿನ್
>
> 1936: ತಿರುಚಿದ ಕರುಳಿಗೆ ಲ್ಯಾಡ್ ವಿಧಾನ
>
> 1948: ಸ್ವೆನ್ಸನ್ ಶಸ್ತ್ರಚಿಕಿತ್ಸೆ, ಅದೇ ವರ್ಷ ಬೇರಿಯಂ ಎನಿಮಾ ಕುರಿತು ರಾವಿಚ್ ವರದಿ
>
> 1955: ಹುಟ್ಟುವಾಗಲೇ ತುಂಡಾದ ಕರುಳಿನ ಕಾರಣ ಪತ್ತೆ, ಕೇಪ್‌ಟೌನ್
>
> 1965: ಭಾರತೀಯ ಮಕ್ಕಳ ಶಸ್ತ್ರಚಿಕಿತ್ಸಕರ ಸಂಘದ ಸ್ಥಾಪನೆ

ಚೂರಿ ಬೇಡ, ನೀರು ಸಾಕು

ಕರುಳು ಕರುಳೊಳಗೆ ಹೊಕ್ಕಿಕೊಂಡ ಮಗುವನ್ನು ಶಸ್ತ್ರಚಿಕಿತ್ಸೆಯಿಂದ ಉಳಿಸಿ ಹೆಸರಾದವರು ಲಂಡನ್ನಿನ ಜೊನಾಥನ್ ಹಚಿನ್‌ಸನ್. 1871ರಲ್ಲಿ ಎರಡು ವರ್ಷದ ಹುಡುಗಿಯೊಬ್ಬಳ ಹೊಟ್ಟೆ ತೆರೆದು ಅವರು ಕರುಳನ್ನು ಹೊರಕ್ಕೆ ಬಿಡಿಸಿದರು. ಮಗು ಬದುಕಿತು. ಆದರೆ ಆ ಕಾಲದಲ್ಲಿ ಹೊಟ್ಟೆ ಕೊಯ್ಯಿಸಿಕೊಂಡ ಬಹುಪಾಲು ಶಿಶುಗಳು ಉಳಿಯುತ್ತಿರಲಿಲ್ಲ.

ಅದೇ ದಶಕದಲ್ಲಿ ಡೆನ್ಮಾರ್ಕಿನ ಮಕ್ಕಳ ವೈದ್ಯರೊಬ್ಬರು ಬೇರೆಯೇ ದಾರಿ ಹಿಡಿದಿದ್ದರು. ಹರಾಲ್ಡ್ ಹಿರ್ಶ್‌ಸ್ಪ್ರುಂಗ್ ಸರ್ಜನ್ ಆಗಿರಲಿಲ್ಲ. ಮಲದ್ವಾರದಿಂದ ನೀರು ಏರಿಸಿ (ಎನಿಮಾ), ಆ ಒತ್ತಡದಿಂದಲೇ ಹೊಕ್ಕ ಕರುಳನ್ನು ಹಿಂದಕ್ಕೆ ತಳ್ಳುವ ಕ್ರಮವನ್ನು ಅವರು 1876ರಿಂದ ವರದಿ ಮಾಡುತ್ತ ಬಂದರು. 1905ರ ಹೊತ್ತಿಗೆ ಅವರ ಲೆಕ್ಕದಲ್ಲಿ 107 ಮಕ್ಕಳಿದ್ದರು. ಅವರಲ್ಲಿ ಸತ್ತವರು ಶೇ 35. ಇಂದಿನ ಕಣ್ಣಿಗೆ ಇದು ಭೀಕರ ಅಂಕಿ. ಅಂದಿನ ಮಟ್ಟಿಗೆ ಅದೊಂದು ಸಾಧನೆ.

1948ರಲ್ಲಿ ಬಾಲ್ಟಿಮೋರಿನ ಮಾರ್ಕ್ ರಾವಿಚ್ ಇದಕ್ಕೆ ಎಕ್ಸ್‌ರೇ ಕಣ್ಣು ಜೋಡಿಸಿದರು. ಬೇರಿಯಂ ದ್ರವವನ್ನು ಏರಿಸುತ್ತ, ಕರುಳು ಬಿಡಿಸಿಕೊಳ್ಳುವುದನ್ನು ಪರದೆಯ ಮೇಲೆ ನೋಡುವ ವಿಧಾನವದು. ಚೀನಾದ ಶಾಂಘಾಯ್ ವೈದ್ಯರು ದ್ರವದ ಬದಲು ಗಾಳಿ ಬಳಸಿ, 13 ವರ್ಷಗಳ 6,396 ಪ್ರಕರಣಗಳ ಫಲಿತಾಂಶವನ್ನು 1986ರಲ್ಲಿ ಪ್ರಕಟಿಸಿದಾಗ ಜಗತ್ತು ಹುಬ್ಬೇರಿಸಿತು.

ಈಗ ನಮ್ಮ ದೊಡ್ಡಾಸ್ಪತ್ರೆಗಳಲ್ಲಿ ಉಗುರು ಬೆಚ್ಚಗಿನ ಸಲೈನ್ ಮತ್ತು ಸ್ಕ್ಯಾನಿಂಗ್ ಯಂತ್ರವಿದ್ದರೆ ಈ ಕೆಲಸ ನಡೆಯುತ್ತದೆ. ಬಾಟಲಿಯನ್ನು ಎತ್ತರಕ್ಕೆ ತೂಗುಹಾಕಿ ಸಲೈನ್ ಇಳಿಸುತ್ತಾರೆ. ಪರದೆಯ ಮೇಲೆ ವರ್ತುಲದೊಳಗೆ ವರ್ತುಲವಾಗಿ ಕಾಣುವ ಕರುಳಿನ ಗಂಟು ಒಂದೊಂದೇ ಅಂಗುಲ ಹಿಂದೆ ಸರಿಯುತ್ತದೆ. ಸಲೈನ್ ಸಣ್ಣ ಕರುಳಿಗೆ ನುಗ್ಗಿತೆಂದರೆ ಗಂಟು ಬಿಚ್ಚಿದಂತೆ. ಬೇಗ ಬಂದ ಮಕ್ಕಳಲ್ಲಿ ಹತ್ತರಲ್ಲಿ ಎಂಟಕ್ಕೆ ಕೊಯ್ಯುವ ಪ್ರಮೇಯವೇ ಬರುವುದಿಲ್ಲ.

ಬೇಗ ಬರಬೇಕು ಎಂಬುದೇ ಇಲ್ಲಿನ ಷರತ್ತು. ಒಂದು ದಿನ ಮೀರಿದರೆ ಗಂಟು ಬಿಗಿಯಾಗಿ, ಹೀಗೆ ಬಿಡಿಸುವ ಸಾಧ್ಯತೆ ಕುಗ್ಗುತ್ತದೆ. ಕರುಳು ಕೊಳೆತಿದ್ದರೆ ನೀರು ಏರಿಸುವುದೇ ಅಪಾಯ. ಆಗ ಚೂರಿಯೇ ಗತಿ.

ತಪ್ಪು ಜಾಗಕ್ಕೆ ಬಿದ್ದ ಕತ್ತರಿ

ಅದೇ ಹಿರ್ಶ್‌ಸ್ಪ್ರುಂಗ್ ಅವರ ಹೆಸರು ಇಂದು ಉಳಿದಿರುವುದು ಇನ್ನೊಂದು ಕಾಯಿಲೆಯಿಂದ. 1886ರಲ್ಲಿ ಬರ್ಲಿನ್ನಿನ ಸಭೆಯೊಂದರಲ್ಲಿ ಅವರು ಎರಡು ಕೂಸುಗಳ ಕಥೆ ಹೇಳಿದರು. ಹುಟ್ಟಿದಾಗಿನಿಂದ ಮಲಬದ್ಧತೆ, ಬಿಗಿದು ಉಬ್ಬಿದ ಹೊಟ್ಟೆ, ಕೊನೆಗೆ ಸಾವು. ಶವಪರೀಕ್ಷೆಯಲ್ಲಿ ಕಂಡದ್ದು ವಿಪರೀತ ಹಿಗ್ಗಿದ ದೊಡ್ಡ ಕರುಳು.

ಹಿಗ್ಗಿದ್ದೇ ರೋಗದ ಜಾಗ ಎಂದು ಹೆಚ್ಚಿನವರು ನಂಬಿದರು. ಮುಂದಿನ ಅರವತ್ತು ವರ್ಷ ಸರ್ಜನ್‌ಗಳು ಹಿಗ್ಗಿದ ಭಾಗವನ್ನೇ ಕತ್ತರಿಸಿ ತೆಗೆದರು. ಮಕ್ಕಳು ಕೆಲಕಾಲ ಚೇತರಿಸಿಕೊಂಡಂತೆ ಕಂಡು, ಮತ್ತೆ ಹೊಟ್ಟೆ ಉಬ್ಬಿಸಿಕೊಂಡು ಬಂದರು.

ಬಾಸ್ಟನ್ನಿನ ಓರ್ವರ್ ಸ್ವೆನ್ಸನ್ 1940ರ ದಶಕದಲ್ಲಿ ಒಂದು ಸರಳ ಸಂಗತಿಯನ್ನು ಹಿಡಿದುಕೊಂಡರು. ಹೊಟ್ಟೆಯ ಮೇಲೆ ಕೊಲೊಸ್ಟಮಿ ಮಾಡಿದರೆ ಈ ಮಕ್ಕಳು ಚೆನ್ನಾಗಿ ಉಂಡು ದುಂಡಗಾಗುತ್ತಾರೆ. ಅದನ್ನು ಮುಚ್ಚಿ ಕರುಳನ್ನು ಮೊದಲಿನಂತೆ ಜೋಡಿಸಿದರೆ ತೊಂದರೆ ಮರುಕಳಿಸುತ್ತದೆ. ಅಂದಮೇಲೆ ದೋಷ ಇರುವುದು ಜೋಡಣೆಯ ಕೆಳಗೆ, ನೋಡಲು ಏನೂ ಆಗಿಲ್ಲವೆನಿಸುವ ಆ ಕಿರಿದಾದ ತುಂಡಿನಲ್ಲಿ.

ಕರುಳಿನ ಚಲನೆಯನ್ನು ಅಳತೆ ಮಾಡಿ ನೋಡಿದಾಗ ಆ ತುಂಡು ಮಲವನ್ನು ಮುಂದಕ್ಕೆ ತಳ್ಳುತ್ತಲೇ ಇರಲಿಲ್ಲ. ಕರುಳನ್ನು ಅಲುಗಿಸುವ ನರಕೋಶಗಳು ಅಲ್ಲಿ ಬೆಳೆದೇ ಇಲ್ಲವೆಂಬುದು ಸೂಕ್ಷ್ಮದರ್ಶಕದಲ್ಲಿ ಕಂಡಿತು. ಮೇಲಿನ ಆರೋಗ್ಯವಂತ ಕರುಳು ಕಟ್ಟಿದ ದಾರಿಯೆದುರು ದುಡಿದೂ ದುಡಿದೂ ಹಿಗ್ಗಿಹೋಗಿತ್ತು ಅಷ್ಟೆ. ಸ್ವೆನ್ಸನ್ ಮತ್ತು ಅಲೆಕ್ಸಾಂಡರ್ ಬಿಲ್ ನರವಿಲ್ಲದ ತುಂಡನ್ನು ತೆಗೆದು, ಮೇಲಿನ ಕರುಳನ್ನು ಮಲದ್ವಾರದವರೆಗೆ ಎಳೆದು ಹೊಲಿದರು. 1948ರಲ್ಲಿ ವರದಿ ಬಂತು. 1909ರಲ್ಲಿ ಹುಟ್ಟಿದ ಸ್ವೆನ್ಸನ್ 2012ರವರೆಗೂ ಬದುಕಿ, ತಮ್ಮ ವಿಧಾನ ಮೂರು ತಲೆಮಾರಿನ ಮಕ್ಕಳನ್ನು ಉಳಿಸಿದ್ದನ್ನು ಕಂಡರು.

ಸುಮಾರು 5,000 ಹೆರಿಗೆಗೆ ಒಂದು ಕೂಸಿಗೆ ಈ ಕಾಯಿಲೆ ಇರುತ್ತದೆ. ಸುಳಿವು ಬಾಣಂತಿ ಕೋಣೆಯಲ್ಲೇ ಸಿಗುತ್ತದೆ. ಹುಟ್ಟಿದ 24 ಗಂಟೆಯೊಳಗೆ ಕೂಸು ಕಪ್ಪನೆಯ ಮೊದಲ ಮಲ ಕಳೆಯದಿದ್ದರೆ ಎಚ್ಚರವಾಗಬೇಕು. ಹಿಂದೆಲ್ಲ ಮೂರು ಆಪರೇಷನ್ ಬೇಕಿತ್ತು. ಕೊಲೊಸ್ಟಮಿ, ಆಮೇಲೆ ಕರುಳು ಎಳೆದು ಹೊಲಿಯುವುದು, ಕೊನೆಗೆ ಕೊಲೊಸ್ಟಮಿ ಮುಚ್ಚುವುದು. ಅಂಟಿಸುವ ಚೀಲ ಕೈಗೆಟುಕದ ಮನೆಗಳಲ್ಲಿ ಹಳೇ ಪಂಚೆಯ ತುಂಡುಗಳನ್ನೇ ಮಡಚಿಟ್ಟು, ದಿನಕ್ಕೆ ಹತ್ತಾರು ಸಲ ಒಗೆದು ಒಣಗಿಸುವುದು ತಾಯಂದಿರ ಪಾಲಿಗಿತ್ತು. ಬಿಸಿಲೇ ಕಾಣದ ಮಲೆನಾಡಿನ ಮಳೆಗಾಲದಲ್ಲಿ ಅದೆಂಥ ಕೆಲಸ ಎಂಬುದು ಬಚ್ಚಲೊಲೆಯ ಮೇಲೆ ಬಟ್ಟೆ ಒಣಗಿಸಿದವರಿಗೆ ಗೊತ್ತು. 1998ರಲ್ಲಿ ಮೆಕ್ಸಿಕೋ ವೈದ್ಯರು ಹೊಟ್ಟೆ ಕೊಯ್ಯದೆ ಮಲದ್ವಾರದಿಂದಲೇ ಇಡೀ ಶಸ್ತ್ರಚಿಕಿತ್ಸೆ ಮುಗಿಸುವ ವಿಧಾನ ತೋರಿಸಿದ ಮೇಲೆ, ಬೇಗ ಪತ್ತೆಯಾದ ಎಷ್ಟೋ ಮಕ್ಕಳಿಗೆ ಒಂದೇ ಆಪರೇಷನ್ ಸಾಕಾಗುತ್ತಿದೆ.

ತಿರುಚಿದ ಕರುಳು, ತುಂಡಾದ ಕರುಳು

ಗರ್ಭದಲ್ಲಿ ಆರನೇ ವಾರದಿಂದ ಹತ್ತನೇ ವಾರದವರೆಗೆ ಕೂಸಿನ ಕರುಳಿನ ಬಹುಭಾಗ ಹೊಟ್ಟೆಯೊಳಗೆ ಇರುವುದೇ ಇಲ್ಲ. ಅಲ್ಲಿ ಜಾಗ ಸಾಲದೆ ಹೊಕ್ಕುಳ ಬಳ್ಳಿಯೊಳಗೆ ಬೆಳೆಯುತ್ತದೆ. ಹೋಗಿ ಮರಳಿ ಬರುವಷ್ಟರಲ್ಲಿ ಒಟ್ಟು 270 ಡಿಗ್ರಿ ತಿರುಗಿ ತನ್ನ ಜಾಗ ಹಿಡಿಯಬೇಕು. ಈ ತಿರುಗಾಟ ಅರ್ಧಕ್ಕೆ ನಿಂತರೆ ಇಡೀ ಸಣ್ಣ ಕರುಳು ಸಪೂರ ಬುಡವೊಂದರ ಮೇಲೆ ತೂಗಾಡುತ್ತದೆ. ಯಾವತ್ತೋ ಒಂದು ದಿನ ಅದು ತಿರುಚಿಕೊಂಡರೆ, ಕೆಲವೇ ಗಂಟೆಗಳಲ್ಲಿ ಇಡೀ ಕರುಳೇ ಕಪ್ಪಾಗಬಹುದು. ಹಸಿರು ವಾಂತಿಗೆ ಸರ್ಜನ್‌ಗಳು ಬೆಚ್ಚಿಬೀಳುವುದು ಮುಖ್ಯವಾಗಿ ಇದರ ಭಯಕ್ಕೆ.

ಇದಕ್ಕೆ ಮದ್ದು ಕಂಡುಕೊಂಡವರು ಬಾಸ್ಟನ್ನಿನ ವಿಲಿಯಂ ಲ್ಯಾಡ್. 1917ರ ಡಿಸೆಂಬರಿನಲ್ಲಿ ಕೆನಡಾದ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ ಸ್ಫೋಟಕ ತುಂಬಿದ ಹಡಗು ಸಿಡಿದಾಗ ಗಾಯಾಳುಗಳ ಆರೈಕೆಗೆ ಹೋದ ವೈದ್ಯರಲ್ಲಿ ಅವರೂ ಒಬ್ಬರು. ಅಲ್ಲಿ ಕಂಡ ಮಕ್ಕಳೇ ಅವರನ್ನು ಮಕ್ಕಳ ಶಸ್ತ್ರಚಿಕಿತ್ಸೆಗೆ ಕಟ್ಟಿಹಾಕಿದರು ಎಂಬ ಮಾತು ವೈದ್ಯವಲಯದಲ್ಲಿ ಇಂದಿಗೂ ಇದೆ. ತಿರುಚನ್ನು ಗಡಿಯಾರದ ಮುಳ್ಳಿಗೆ ಎದುರಾಗಿ ಬಿಚ್ಚಬೇಕು, ಅಡ್ಡ ಬಂದ ಪಟ್ಟಿಗಳನ್ನು ಕತ್ತರಿಸಬೇಕು, ಸಣ್ಣ ಕರುಳನ್ನು ಬಲಕ್ಕೂ ದೊಡ್ಡ ಕರುಳನ್ನು ಎಡಕ್ಕೂ ಹರಡಿಡಬೇಕು. 1936ರಲ್ಲಿ ಅವರು ವಿವರಿಸಿದ ಈ ಕ್ರಮಕ್ಕೆ ಇಂದಿಗೂ ಅವರದೇ ಹೆಸರು.

ಇನ್ನು ಕೆಲವು ಕೂಸುಗಳ ಕರುಳು ನಡುವೆಯೇ ತುಂಡಾಗಿ, ಎರಡೂ ತುದಿ ಮುಚ್ಚಿಕೊಂಡು ಹುಟ್ಟುತ್ತದೆ. ತುದಿಗಳನ್ನು ಜೋಡಿಸಿ ಹೊಲಿದರೂ ಬಹುತೇಕ ಕೂಸುಗಳು ಸಾಯುತ್ತಿದ್ದವು. ಕೇಪ್‌ಟೌನಿನ ಜೆ.ಎಚ್. ಲೌ ಮತ್ತು ಅವರ ಕಿರಿಯ ಸಹೋದ್ಯೋಗಿಯೊಬ್ಬರು ಗರ್ಭದಲ್ಲಿದ್ದ ನಾಯಿಮರಿಗಳ ಕರುಳಿನ ರಕ್ತನಾಳ ಕಟ್ಟಿ ಪರೀಕ್ಷಿಸಿದರು. ಹುಟ್ಟಿದ ಮರಿಗಳ ಕರುಳು ಕೂಸುಗಳದರಂತೆಯೇ ತುಂಡಾಗಿತ್ತು. ಅಂದರೆ ಕರುಳಿನ ಒಂದು ಭಾಗಕ್ಕೆ ರಕ್ತ ನಿಂತದ್ದೇ ಕಾರಣ. ಮುಚ್ಚಿದ ತುದಿಗಳೂ ಅರೆಜೀವದವು. ಅವನ್ನು ಧಾರಾಳವಾಗಿ ಕತ್ತರಿಸಿ ಆಮೇಲೆ ಜೋಡಿಸಬೇಕು ಎಂದು 1955ರಲ್ಲಿ ಅವರು ಬರೆದ ಬಳಿಕ ಬದುಕುವ ಕೂಸುಗಳ ಸಂಖ್ಯೆ ಏರಿತು. ಆ ಕಿರಿಯ ಸಹೋದ್ಯೋಗಿಯೇ 1967ರಲ್ಲಿ ಮನುಷ್ಯನಿಂದ ಮನುಷ್ಯನಿಗೆ ಮೊದಲ ಬಾರಿ ಹೃದಯ ಕಸಿ ಮಾಡಿದ ಕ್ರಿಸ್ಟಿಯಾನ್ ಬರ್ನಾರ್ಡ್.

> ಹುಳುಗಳ ಗಂಟು
>
> ಹಳೆಯ ಸರ್ಜನ್‌ಗಳನ್ನು ಕೇಳಿ ನೋಡಿ, ಮಗುವಿನ ಕರುಳಿನಿಂದ ಜಂತುಹುಳುಗಳ ಮುದ್ದೆ ತೆಗೆದ ಕಥೆ ಒಂದಾದರೂ ಸಿಗುತ್ತದೆ. ಗುಂಡುಹುಳು 20ರಿಂದ 35 ಸೆಂ.ಮೀ. ಬೆಳೆಯುತ್ತದೆ. ಹೆಣ್ಣುಹುಳು ದಿನಕ್ಕೆ ಸುಮಾರು 2 ಲಕ್ಷ ಮೊಟ್ಟೆ ಇಡಬಲ್ಲದು. ಹತ್ತಾರು ಹುಳುಗಳು ಹೆಣೆದುಕೊಂಡರೆ ಸಣ್ಣ ಕರುಳು ಕಟ್ಟುತ್ತದೆ.
>
> ಇಲ್ಲೂ ಮೊದಲ ಚಿಕಿತ್ಸೆ ಚೂರಿಯಲ್ಲ. ಬಾಯಿಗೆ ಏನೂ ಕೊಡದೆ, ಡ್ರಿಪ್ ಹಾಕಿ, ಮೂಗಿನ ನಳಿಕೆಯಿಂದ ಹೊಟ್ಟೆ ಖಾಲಿ ಮಾಡಿ ಕಾಯುತ್ತಾರೆ. ಹೊಟ್ಟೆ ಕೊಯ್ಯಲೇಬೇಕಾದರೂ, ಕರುಳು ಚೆನ್ನಾಗಿದ್ದರೆ ಅದನ್ನು ತೆರೆಯದೆ ಹುಳುಗಳನ್ನು ಬೆರಳಿನಿಂದ ಸವರುತ್ತ ದೊಡ್ಡ ಕರುಳಿಗೆ ಸಾಗಿಸುತ್ತಾರೆ.
>
> 2015ರಲ್ಲಿ ಶುರುವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದ ಹೆಸರಿನಲ್ಲಿ ಅಂಗನವಾಡಿ, ಶಾಲೆಗಳಲ್ಲಿ 1ರಿಂದ 19 ವರ್ಷದವರಿಗೆ ಅಲ್ಬೆಂಡಜೋಲ್ ಕೊಡಲಾಗುತ್ತದೆ. 400 ಮಿ.ಗ್ರಾಂ. ಮಾತ್ರೆ, ಎರಡು ವರ್ಷದೊಳಗಿನವರಿಗೆ ಅರ್ಧ.

ಘಟ್ಟ, ಹೊಳೆ, ಮೆಗ್ಗಾನ್

ಭಾರತದಲ್ಲಿ ಮಕ್ಕಳ ಶಸ್ತ್ರಚಿಕಿತ್ಸೆ ಪ್ರತ್ಯೇಕ ವಿಭಾಗವಾಗಿ ತಲೆಯೆತ್ತಿದ್ದು 1960ರ ದಶಕದಲ್ಲಿ. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆ 1935ರಿಂದ ತಾಯಂದಿರನ್ನೂ ಮಕ್ಕಳನ್ನೂ ನೋಡಿಕೊಳ್ಳುತ್ತಿತ್ತು. 1991ರಲ್ಲಿ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಬಂತು. ಘಟ್ಟದ ಕೆಳಗೆ 1953ರಲ್ಲಿ ಮೆಡಿಕಲ್ ಕಾಲೇಜು ತೆರೆದ ಮಣಿಪಾಲ ನಿಧಾನವಾಗಿ ದೊಡ್ಡಾಸ್ಪತ್ರೆಯ ಊರಾಗಿ ಬೆಳೆಯಿತು.

ಸಾಗರ, ಹೊಸನಗರ, ತೀರ್ಥಹಳ್ಳಿಯವರಿಗೆ ಅಂದಿನಿಂದ ಎರಡು ದಿಕ್ಕು. ಒಂದು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ. ಇನ್ನೊಂದು ಘಾಟಿ ಇಳಿದು ಮಣಿಪಾಲ. ತೀರ್ಥಹಳ್ಳಿಯಿಂದ ಆಗುಂಬೆಯ ಹದಿನಾಲ್ಕು ತಿರುವು, ಹೊಸನಗರದಿಂದ ಹುಲಿಕಲ್. ಮೂರೂ ಪೇಟೆಗಳಿಂದ ಶಿವಮೊಗ್ಗಕ್ಕೆ 60, 70 ಕಿಲೋಮೀಟರಿನ ಆಸುಪಾಸು. ಭೂಪಟದಲ್ಲಿ ಇದು ದೂರವೇ ಅಲ್ಲ. ಆದರೆ ಮಲೆನಾಡಿನ ಒಂಟಿಮನೆಯಿಂದ ಪೇಟೆಗೆ ಬರುವ ಹೊತ್ತು ಈ ಲೆಕ್ಕಕ್ಕೆ ಸಿಗುವುದಿಲ್ಲ. ಮರ ಬಿದ್ದ ರಸ್ತೆ, ತುಂಬಿ ಹರಿಯುವ ಹಳ್ಳ, ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಬೇಕಾದ ಫೋನು.

ಹೊತ್ತಿನ ಲೆಕ್ಕವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಹಿನ್ನೀರಿನಾಚೆಯ ತುಮರಿ ಕಡೆಯವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ಶರಾವತಿ ಹಿನ್ನೀರು ಹರಡಿದಾಗ ಕರೂರು, ಭಾರಂಗಿ ಹೋಬಳಿಗಳ ಊರುಗಳಿಗೆ ಸಾಗರದ ನೇರ ದಾರಿ ಮುಳುಗಿತು. ಬಳಿಕ ಅವರ ಬದುಕು ಅಂಬಾರಗೋಡ್ಲು, ಕಳಸವಳ್ಳಿ ನಡುವಿನ ಲಾಂಚಿನ ವೇಳಾಪಟ್ಟಿಗೆ ಗಂಟುಬಿತ್ತು. ಸಂಜೆಯ ಕೊನೆಯ ಲಾಂಚ್ ಹೋಯಿತೆಂದರೆ ಹೊಳೆ ದಾಟುವ ಮಾತು ಮಾರನೆಯ ಬೆಳಿಗ್ಗೆಗೆ. ತುರ್ತೆಂದರೆ ಲಾಂಚಿನವರನ್ನು ಎಬ್ಬಿಸಬೇಕು, ಇಲ್ಲವೇ ಕಾಡುದಾರಿಯಲ್ಲಿ ಸುತ್ತಿ ಬಳಸಿ ಹೋಗಬೇಕು.

2025ರ ಜುಲೈ 14ರಂದು ಅಲ್ಲಿ ಎರಡು ಕಿಲೋಮೀಟರಿಗೂ ಉದ್ದದ ಕೇಬಲ್ ಸೇತುವೆ ಬಳಕೆಗೆ ತೆರೆಯಿತು. ಸಿಗಂದೂರಿನ ದೇವಸ್ಥಾನಕ್ಕೆ ಹೋಗುವ ಭಕ್ತರಿಗೆ ಅನುಕೂಲವಾಯಿತು ಎಂದು ಸುದ್ದಿಯಾಯಿತು. ಸೆಲ್ಫಿ ತೆಗೆಯುವವರ ದಂಡೂ ಬಂತು. ಮಕ್ಕಳ ವೈದ್ಯರ ಕಣ್ಣಲ್ಲಿ ಅದರ ಬೆಲೆ ಬೇರೆ. ರಾತ್ರಿ ಹತ್ತಕ್ಕೆ ಹಸಿರು ವಾಂತಿ ಮಾಡಿದ ಕೂಸು ಬೆಳಗಾಗುವುದನ್ನು ಕಾಯದೆ ಸಾಗರ ಸೇರಬಹುದು. ಕರುಳಿನ ಮಟ್ಟಿಗೆ ಆ ಎಂಟು ಗಂಟೆ ಎಂದರೆ ಎನಿಮಾದಲ್ಲಿ ಬಿಚ್ಚುವ ಗಂಟಿಗೂ ಕತ್ತರಿಸಿ ತೆಗೆಯಬೇಕಾದ ಕರುಳಿಗೂ ನಡುವಿನ ಅಂತರ.

ಸೇತುವೆಯ ಸಾಲಿಗೆ ಇನ್ನೂ ಕೆಲವು ಸೇರುತ್ತವೆ. 2003ರಲ್ಲಿ ಬಂದ ಯಶಸ್ವಿನಿ, ಸಹಕಾರ ಸಂಘದ ಸದಸ್ಯ ರೈತನಿಗೂ ದೊಡ್ಡ ಆಪರೇಷನ್ ಕೈಗೆಟುಕುವಂತೆ ಮಾಡಿತು. 2008ರ ನವೆಂಬರ್ 1ರಂದು 108 ಅಂಬುಲೆನ್ಸ್ ಓಡತೊಡಗಿತು. ಶಿವಮೊಗ್ಗದಲ್ಲಿ ವೈದ್ಯಕೀಯ ಕಾಲೇಜು ಶುರುವಾಗಿ ಮೆಗ್ಗಾನ್ ಬೋಧಕ ಆಸ್ಪತ್ರೆಯಾಯಿತು. 2018ರಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಬಂತು. ಇವು ಯಾವುವೂ ಶಸ್ತ್ರಚಿಕಿತ್ಸೆಯ ಇತಿಹಾಸದ ಪುಸ್ತಕದಲ್ಲಿ ಇರುವುದಿಲ್ಲ. ಮಲೆನಾಡಿನ ಮಗುವಿಗೆ ಮಾತ್ರ ಇವು ಲ್ಯಾಡ್, ಸ್ವೆನ್ಸನ್ ಅವರಷ್ಟೇ ಮುಖ್ಯ.

> ಲಸಿಕೆಗೂ ಕರುಳಿಗೂ ಏನು ನಂಟು?
>
> ಅಮೆರಿಕದಲ್ಲಿ 1998ರಲ್ಲಿ ಬಂದ ರೋಟಾಶೀಲ್ಡ್ ಎಂಬ ಅತಿಸಾರ ಲಸಿಕೆಯನ್ನು ಮರುವರ್ಷವೇ ಹಿಂತೆಗೆದುಕೊಂಡರು. ಲಸಿಕೆ ಪಡೆದ ಕೆಲವು ಶಿಶುಗಳಲ್ಲಿ ಕರುಳು ಹೊಕ್ಕಿಕೊಳ್ಳುವ ತೊಂದರೆ ಹೆಚ್ಚಿದ್ದೇ ಕಾರಣ.
>
> ಆಮೇಲೆ ಬಂದ ರೋಟಾ ಲಸಿಕೆಗಳನ್ನು ಇದೇ ಕಣ್ಣಿನಿಂದ ಕಟ್ಟುನಿಟ್ಟಾಗಿ ಪರೀಕ್ಷಿಸಲಾಯಿತು. ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ರೋಟಾ ಹನಿ ಸೇರತೊಡಗಿದ್ದು 2016ರಿಂದ. 6, 10 ಮತ್ತು 14ನೇ ವಾರದಲ್ಲಿ ಹಾಕುವ ಈ ಹನಿ ಉಳಿಸುವ ಜೀವಗಳ ಮುಂದೆ ಅಪಾಯ ತೀರಾ ಸಣ್ಣದು. ಲಸಿಕೆ ತಪ್ಪಿಸಬಾರದು.

ಮೊದಲ ಅರ್ಧ ಗಂಟೆ

ಮಕ್ಕಳ ಸರ್ಜನ್ ಆಗಲು ಎಂ.ಬಿ.ಬಿ.ಎಸ್., ಎಂ.ಎಸ್. ಮುಗಿಸಿ ಮತ್ತೆ ಮೂರು ವರ್ಷದ ಎಂ.ಸಿಎಚ್. ಓದಬೇಕು. ಅಂಥವರು ಹೆಚ್ಚಾಗಿ ಇರುವುದು ದೊಡ್ಡ ನಗರಗಳಲ್ಲಿ. ಸಾಗರದ ಉಪವಿಭಾಗೀಯ ಆಸ್ಪತ್ರೆಗೋ, ತೀರ್ಥಹಳ್ಳಿಯ ಜಯಚಾಮರಾಜೇಂದ್ರ ಆಸ್ಪತ್ರೆಗೋ, ಹೊಸನಗರದ ತಾಲ್ಲೂಕು ಆಸ್ಪತ್ರೆಗೋ ಒಬ್ಬೊಬ್ಬರು ಬೇಕೆಂದು ಕೇಳುವುದು ಸುಲಭ. ಆದರೆ ಅಪರೂಪದ ಇಂಥ ಆಪರೇಷನ್‌ಗಳು ಒಂದೇ ಕಡೆ ಹೆಚ್ಚು ಸಂಖ್ಯೆಯಲ್ಲಿ ನಡೆದರೇ ಕೈ ಪಳಗುವುದು. ಎಳೆಗೂಸಿಗೆ ಅರಿವಳಿಕೆ ಕೊಡಬಲ್ಲವರೂ, ಆಮೇಲೆ ಹಗಲುರಾತ್ರಿ ನೋಡಿಕೊಳ್ಳುವ ನರ್ಸುಗಳೂ ಜೊತೆಗಿರಬೇಕು.

ಆದರೆ ಕೂಸು ಅಲ್ಲಿಗೆ ಯಾವ ಸ್ಥಿತಿಯಲ್ಲಿ ತಲುಪುತ್ತದೆ ಎಂಬುದು ತಾಲ್ಲೂಕು ಆಸ್ಪತ್ರೆಯ ಕೈಯಲ್ಲಿದೆ. ಅಲ್ಲಿ ಆಗಬೇಕಾದ ಕೆಲಸ ಐದು. ಬಾಯಿಗೆ ಹಾಲು, ಗ್ರೈಪ್ ವಾಟರ್, ಹರಳೆಣ್ಣೆ ಏನನ್ನೂ ಕೊಡದಿರುವುದು. 8 ಅಥವಾ 10 ನಂಬರಿನ ನಳಿಕೆಯನ್ನು ಮೂಗಿನಿಂದ ಹೊಟ್ಟೆಗೆ ಇಳಿಸಿ, ಸಿರಿಂಜಿನಲ್ಲಿ ಹಸಿರು ನೀರನ್ನು ಎಳೆದು, ತುದಿ ತೆರೆದೇ ಬಿಡುವುದು. ಹೀಗೆ ಮಾಡಿದರೆ ಘಾಟಿಯ ತಿರುವಿನಲ್ಲಿ ವಾಂತಿ ಶ್ವಾಸಕೋಶಕ್ಕೆ ನುಗ್ಗುವ ಅಪಾಯ ಇಳಿಯುತ್ತದೆ. ಡ್ರಿಪ್ ಹಾಕುವುದು. ಟೋಪಿ, ಹತ್ತಿ, ಕಂಬಳಿಯಲ್ಲಿ ಕೂಸನ್ನು ಬೆಚ್ಚಗಿಡುವುದು. ಹೊರಡುವ ಮೊದಲೇ ಮುಂದಿನ ಆಸ್ಪತ್ರೆಗೆ ಫೋನು ಮಾಡಿ, ಸ್ಕ್ಯಾನಿಂಗ್‌ನವರೂ ಸರ್ಜನ್ನರೂ ಸಿಗುತ್ತಾರೆಂದು ಖಚಿತಪಡಿಸಿಕೊಳ್ಳುವುದು.

> ಇವು ಕಂಡರೆ ಕಾಯಬೇಡಿ
>
> • ಹಸಿರು ವಾಂತಿ, ಒಂದೇ ಸಲವಾದರೂ ಸರಿ
>
> • ಹುಟ್ಟಿ 24 ಗಂಟೆಯಾದರೂ ಮೊದಲ ಕಪ್ಪು ಮಲ ಹೋಗದಿರುವುದು
>
> • ಬಿಟ್ಟು ಬಿಟ್ಟು ಚೀರುವುದು, ಕಾಲು ಮಡಚುವುದು, ನಡುವೆ ಮಂಕಾಗುವುದು
>
> • ಮಲದಲ್ಲಿ ರಕ್ತ ಬೆರೆತ ಲೋಳೆ
>
> • ಹೊಟ್ಟೆ ಬಿಗಿದು ಉಬ್ಬುವುದು
>
> ಮೂರರಿಂದ ಆರು ವಾರದ ಕೂಸು ಪ್ರತಿ ಸಲವೂ ಬಿಳಿ ಹಾಲನ್ನು ದೂರಕ್ಕೆ ಚಿಮ್ಮುವಂತೆ ಕಕ್ಕುತ್ತಿದ್ದರೆ ಜಠರದ ಬಾಯಿ ಬಿಗಿದಿರಬಹುದು. ಅದಕ್ಕೂ 1912ರಿಂದ ರಾಮ್‌ಸ್ಟೆಟ್ ಹೆಸರಿನ ಸಣ್ಣ ಶಸ್ತ್ರಚಿಕಿತ್ಸೆ ಇದೆ.

ತಾಲ್ಲೂಕು ಆಸ್ಪತ್ರೆಯ ಆ ಐದು ಕೆಲಸಕ್ಕೂ ಎಂ.ಸಿಎಚ್. ಬೇಡ. ನಳಿಕೆಯ ಬೆಲೆ ಹೋಟೆಲಿನ ಒಂದು ಊಟಕ್ಕಿಂತ ಹೆಚ್ಚಲ್ಲ. ಆದರೆ ಮಕ್ಕಳ ಅಳತೆಯದು ರಾತ್ರಿಪಾಳಿಯ ಡ್ರಾಯರಿನಲ್ಲಿ ಇರಬೇಕು, ಡ್ಯೂಟಿಯಲ್ಲಿದ್ದ ನರ್ಸಿಗೆ ಅದನ್ನು ಹಾಕುವ ಅಭ್ಯಾಸ ಇರಬೇಕು. ಸರ್ಕಾರಿ ಆಸ್ಪತ್ರೆಗಳಿಗೆ ಆರೋಗ್ಯ ರಕ್ಷಾ ಸಮಿತಿಗಳಿವೆ. ಅವುಗಳ ಸಭೆಯಲ್ಲಿ ಕಾಂಪೌಂಡಿನ ಬಣ್ಣ, ಬೋರ್‌ವೆಲ್ ಮೋಟರು, ಪಾರ್ಕಿಂಗ್ ಶೆಡ್ಡುಗಳ ಮಾತು ಮುಗಿದ ಮೇಲೆ ಮೂರು ಪ್ರಶ್ನೆ ಕೇಳಬಹುದು. ಎಂಟು ನಂಬರಿನ ನಳಿಕೆ ಸ್ಟಾಕಿನಲ್ಲಿ ಇದೆಯೇ? ಹಸಿರು ವಾಂತಿಯ ಕೂಸು ಬಂದರೆ ರಾತ್ರಿ ಎರಡು ಗಂಟೆಗೆ ಯಾರಿಗೆ ಫೋನು ಹೋಗುತ್ತದೆ? ಆಗುಂಬೆ ಘಾಟಿ ಮುಚ್ಚಿದ ದಿನ ಅಂಬುಲೆನ್ಸ್ ಯಾವ ದಾರಿ ಹಿಡಿಯುತ್ತದೆ? ಮುಂದಿನ ಮಳೆಗಾಲಕ್ಕೆ ಮೊದಲು ಈ ಮೂರಕ್ಕೂ ಉತ್ತರ ಬರೆದು ಕ್ಯಾಶುವಾಲಿಟಿಯ ಗೋಡೆಗೆ ಅಂಟಿಸಲು ಹಣ ಮಂಜೂರಾಗಬೇಕಿಲ್ಲ, ಒಂದು ಮಧ್ಯಾಹ್ನ ಸಾಕು.